ಗೂಡ್ಸ್ ಗಾಡೀಲಿ ಕೂಲಿಗೆ ಹೋಗ್ತಿದ್ದ ಅಮ್ಮನ ಕಾಲು ಮುರಿದಿದೆ, ಗಾಡಿ ಓನರ್ ಬಾಂಡ್ ಪೇಪರ್‌ಗೆ ಸೈನ್ ಕೇಳ್ತಿದಾನೆ, ಹಾಕಬಹುದಾ?

ಪ್ರಶ್ನೆ: ಸಾರ್, ನಮ್ದು ಶ್ರೀನಿವಾಸಪುರ ತಾಲ್ಲೂಕು, ನಾನು ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತೀನಿ. ನಮ್ಮಮ್ಮನಿಗೆ 44 ವರ್ಷ, ಟಮೋಟ ಕೀಳೋಕೆ ದಿನಗೂಲಿಗೆ ಹೋಗ್ತಾರೆ. ಮೇಸ್ತ್ರಿ ದಿನಾ ಬೆಳಗಿನ ಜಾವ ಪಿಕಪ್ ಗಾಡೀಲಿ 17 ಜನ ಹೆಂಗಸರನ್ನ ಹತ್ತಿಸ್ಕೊಂಡು ಹೋಗ್ತಾನೆ. ಹೋದ ತಿಂಗಳು ಸಾಯಂಕಾಲ ವಾಪಸ್ ಬರೋವಾಗ ತಿರುವಲ್ಲಿ ಗಾಡಿ ಪಲ್ಟಿ ಆಯ್ತು. ಎದುರಿಂದ ಒಂದು ಟಿಪ್ಪರ್ ರಾಂಗ್ ಸೈಡಲ್ಲಿ ಬಂದು ಒರೆಸ್ಕೊಂಡು ಹೋಯ್ತು ಅಂತ ಹಿಂದೆ ನಿಂತಿದ್ದೋರು ಹೇಳ್ತಾರೆ. ಅಮ್ಮನಿಗೆ ಬಲತೊಡೆ ಮೂಳೆ ಮುರಿದು ರಾಡ್ ಹಾಕಿದಾರೆ. ಆಸ್ಪತ್ರೆಗೆ ಸೇರಿಸಿದ್ದು ಗಾಡಿ ಓನರ್ರೇ, ಪೊಲೀಸ್ ಗಲಾಟೆ ಬೇಡ ಅಂತ ಮನೆ ಮೆಟ್ಟಿಲಿಂದ ಬಿದ್ರು ಅಂತ ಬರೆಸಿದಾರೆ. ಬೇರೆ ಆಸ್ಪತ್ರೆಗೆ ಹೋದ ಇಬ್ಬರ ಕಡೆಯಿಂದ ಎಫ್‌ಐಆರ್ ಆಗಿದೆ, ಅದ್ರಲ್ಲಿ ಅಮ್ಮನ ಹೆಸರಿಲ್ಲ. ಓನರ್ ಮೊದಲು 20,000 ಕೊಟ್ಟಿದ್ರು, ಈಗ ಇನ್ನೂ 40,000 ಕೊಡ್ತೀನಿ, ಬಾಂಡ್ ಪೇಪರಲ್ಲಿ ಅಮ್ಮನ ಹೆಬ್ಬೆಟ್ಟು ಹಾಕಿಸು, ಗೂಡ್ಸ್ ಗಾಡಿಗೆ ಇನ್ಶೂರೆನ್ಸ್ ಬರಲ್ಲ, ಕೋರ್ಟಿಗೆ ಹೋದ್ರೂ ಏನೂ ಸಿಗಲ್ಲ ಅಂತಿದಾರೆ. ಮೇಸ್ತ್ರಿ ಕೂಡ ಕೇಸ್ ಹಾಕಿದ್ರೆ ಮುಂದೆ ಕೂಲಿಗೆ ಕರೆಯಲ್ಲ ಅಂತಾನೆ. ಏನು ಮಾಡ್ಲಿ?

ಉತ್ತರ:

ತಮ್ಮಾ, ಮೊದಲು ಒಂದು ಮಾತು, ಆ ಬಾಂಡ್ ಪೇಪರ್‌ಗೆ ಅಮ್ಮನ ಹೆಬ್ಬೆಟ್ಟು ಹಾಕಿಸಬೇಡಿ. ಇವತ್ತೂ ಬೇಡ, ನಾಳೆ ಓನರ್ ಊರಿನ ನಾಲ್ಕು ಜನ ದೊಡ್ಡೋರನ್ನ ಕರ್ಕೊಂಡು ಬಂದು ಜಗಲಿ ಮೇಲೆ ಕೂತ್ರೂ ಬೇಡ. ಬಂದೋರಿಗೆ ಮರ್ಯಾದೆಯಿಂದ ಕಾಫಿ ಕೊಟ್ಟು, ಅಮ್ಮ ಎದ್ದು ಓಡಾಡ್ಲಿ ಆಮೇಲೆ ಮಾತಾಡೋಣ ಅಂತ ಹೇಳಿ ಕಳಿಸಿ. ಚಿಕಿತ್ಸೆಗೆ ಅಂತ ಅವರು ದುಡ್ಡು ಕೊಟ್ರೆ ಈಸ್ಕೊಳ್ಳಿ, ಅದ್ರಲ್ಲಿ ತಪ್ಪಿಲ್ಲ, ಆದ್ರೆ ರಸೀದಿ ಬರೆದ್ರೆ "ಆಸ್ಪತ್ರೆ ಖರ್ಚಿಗೆ ಇಷ್ಟು ಪಡೆದಿದ್ದೇವೆ" ಅಂತ ಮಾತ್ರ ಇರಬೇಕು, "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಅನ್ನೋ ಸಾಲು ಇರಬಾರದು. ಕೋರ್ಟಿನ ಹೊರಗೆ ಬರೆಸ್ಕೊಂಡ ಇಂಥ ಪೇಪರ್ ಇಂದ ಅಮ್ಮನ ಹಕ್ಕು ತಾನಾಗೇ ಮುಗಿದು ಹೋಗಲ್ಲ, ಆದ್ರೆ ನಾಳೆ ಎದುರು ಪಾರ್ಟಿ ವಕೀಲರು ಅದನ್ನೇ ತಂದು ಜಡ್ಜ್ ಮುಂದೆ ಇಟ್ಟು, ಇವರೇ ಒಪ್ಕೊಂಡು ದುಡ್ಡು ತಗೊಂಡಿದಾರೆ, ಈಗ ಆಸೆಗೆ ಬಂದಿದಾರೆ ಅಂತ ವಾದ ಮಾಡ್ತಾರೆ, ಆಗ ನಿಮ್ಮಮ್ಮ ಕಟಕಟೇಲಿ ನಿಂತು ಉತ್ತರ ಹೇಳಬೇಕಾಗುತ್ತೆ.

ನಾನು ಕೋಲಾರ ಕೋರ್ಟಲ್ಲಿ ಹೆಚ್ಚಾಗಿ ನಡೆಸೋದೇ ಎಂವಿಸಿ ಕೇಸುಗಳು, ಅಂದ್ರೆ ಗಾಡಿ ಆಕ್ಸಿಡೆಂಟ್ ಪರಿಹಾರದ ಕೇಸುಗಳು. ಟಮೋಟ ಸೀಸನ್ ಶುರುವಾದ್ರೆ ಇಂಥ ಕೇಸು ಬಂದೇ ಬರುತ್ತೆ. ವಡ್ಡಹಳ್ಳಿ ಮಂಡಿಗೆ, ಕೋಲಾರ ಎಪಿಎಂಸಿಗೆ ಬಾಕ್ಸ್ ಹೊರೋ ಗಾಡೀನೇ ಬೆಳಿಗ್ಗೆ ಹೆಂಗಸರನ್ನ ತ್ವಾಟಕ್ಕೆ ಹೊರುತ್ತೆ, ಯಾಕಂದ್ರೆ ಬೇರೆ ಬಾಡಿಗೆ ಕೊಡೋದು ಉಳಿಯುತ್ತಲ್ಲ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ನಿಮ್ಮ ಕೇಸಲ್ಲಿ ದೊಡ್ಡ ಪೆಟ್ಟು ಬಿದ್ದಿರೋದು ಇನ್ಶೂರೆನ್ಸ್ ವಿಷಯದಲ್ಲಲ್ಲ ಅನ್ನೋದು ನನ್ನ ಅಭಿಪ್ರಾಯ. ಅದು ಬಿದ್ದಿದ್ದು ಆಸ್ಪತ್ರೆಗೆ ಸೇರಿಸಿದ ಮೊದಲ ಹತ್ತು ನಿಮಿಷದಲ್ಲಿ, ಮೆಟ್ಟಿಲಿಂದ ಬಿದ್ರು ಅಂತ ಬರೆಸಿದಾಗ. ರಸ್ತೆ ಅಪಘಾತ ಅಂತ ಹೇಳಿದ್ರೆ ಡಾಕ್ಟರ್ ಅದನ್ನ ಎಂಎಲ್‌ಸಿ, ಅಂದ್ರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ದಾಖಲು ಮಾಡಿ ಪೊಲೀಸ್ ಸ್ಟೇಷನ್‌ಗೆ ತಿಳಿಸ್ತಾರೆ, ಪೊಲೀಸ್ನೋರು ಬಂದು ಹೇಳಿಕೆ ತಗೋತಾರೆ, ಆಮೇಲೆ ವೂಂಡ್ ಸರ್ಟಿಫಿಕೇಟಲ್ಲಿ, ಅಂದ್ರೆ ಡಾಕ್ಟರ್ ಕೊಡೋ ಗಾಯದ ಪ್ರಮಾಣಪತ್ರದಲ್ಲಿ, ಪೆಟ್ಟು ಹೆಂಗಾಯ್ತು ಅಂತ ಬರುತ್ತೆ, ಅದೇ ಕಾಗದದ ಮೇಲೆ ಇಡೀ ಕೇಸು ನಿಂತಿರುತ್ತೆ. ಇನ್ಶೂರೆನ್ಸ್ ಕಂಪನಿ ವಕೀಲರು ಮೊದಲು ಓದೋದೇ ಆ ಸಾಲು. ಎಷ್ಟೋ ಕೇಸಲ್ಲಿ ಮೂಳೆ ಮುರಿದಿರೋದು ನಿಜ, ಗಾಡಿ ಬಿದ್ದಿರೋದೂ ನಿಜ, ಆದ್ರೆ ಆಸ್ಪತ್ರೆ ಕೇಸ್ ಶೀಟಲ್ಲಿ ಬಾತ್‌ರೂಮಲ್ಲಿ ಜಾರಿ ಬಿದ್ರು ಅಂತ ಇತ್ತು ಅನ್ನೋ ಒಂದೇ ಕಾರಣಕ್ಕೆ ಸೋತು ಮನೆಗೆ ಹೋದೋರನ್ನ ನಾನು ನೋಡಿದೀನಿ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಆ ಒಂದು ಸುಳ್ಳಿಂದ ಇನ್ನೊಂದು ನಷ್ಟವೂ ಆಯ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದಲ್ಲಿ ಗಾಯ ಆದೋರಿಗೆ ಕ್ಯಾಶ್‌ಲೆಸ್ ಚಿಕಿತ್ಸೆ ಸ್ಕೀಮ್ ತಂದಿದೆ, ಗೊತ್ತು ಮಾಡಿರೋ ಆಸ್ಪತ್ರೆಗಳಲ್ಲಿ ಅಪಘಾತ ಆದ ದಿನದಿಂದ 7 ದಿನದ ತನಕ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೂ ಚಿಕಿತ್ಸೆ ಸಿಗುತ್ತೆ. ಮೋಟಾರು ಗಾಡಿಯಿಂದ ಯಾವ ರಸ್ತೇಲಿ ಅಪಘಾತ ಆದ್ರೂ ಇದು ಇದೆ. ಮೆಟ್ಟಿಲಿಂದ ಬಿದ್ರು ಅಂದ ತಕ್ಷಣ ಆ ದಾರಿ ಮುಚ್ಚಿಹೋಯ್ತು. ಓನರ್ 20,000 ಕೊಟ್ಟು ಉಪಕಾರ ಮಾಡಿದ್ರು ಅಂತ ನಿಮ್ಮನೇಲಿ ಅಂದ್ಕೊಂಡಿರಬಹುದು, ಆದ್ರೆ ಅವರು ಬರೆಸಿದ ಆ ಒಂದು ಸಾಲಿಂದ ನಿಮ್ಮ ಕೈ ತಪ್ಪಿರೋದು ಅದಕ್ಕಿಂತ ಎಷ್ಟೋ ದೊಡ್ಡ ಮೊತ್ತ.

ಹಾಗಂತ ಕೈ ಚೆಲ್ಲಿ ಕೂರೋ ಹಾಗಿಲ್ಲ, ಇದನ್ನ ಸರಿ ಮಾಡ್ಕೊಳ್ಳೋಕೆ ದಾರಿ ಇದೆ, ಆದ್ರೆ ಈ ವಾರದಲ್ಲೇ ಮಾಡಬೇಕು. ಎಫ್‌ಐಆರ್ ಆಗಿರೋ ಸ್ಟೇಷನ್‌ಗೆ ಹೋಗಿ, ಅಮ್ಮನ ಹೆಸರಲ್ಲಿ ಒಂದು ಅರ್ಜಿ ಕೊಡಿ. ಅದ್ರಲ್ಲಿ ಆ ದಿನ ಯಾವ ಗಾಡೀಲಿದ್ರು, ಎಲ್ಲಿ ಕೂತಿದ್ರೋ ನಿಂತಿದ್ರೋ, ಪಕ್ಕದಲ್ಲಿ ಯಾರಿದ್ರು, ಯಾವ ಆಸ್ಪತ್ರೆಗೆ ಯಾರು ಸೇರಿಸಿದ್ರು, ಮೆಟ್ಟಿಲಿಂದ ಬಿದ್ರು ಅಂತ ಹೇಳಿದ್ದು ಯಾರು, ಆಗ ಅಮ್ಮ ಮಾತಾಡೋ ಸ್ಥಿತೀಲಿ ಇದ್ರೋ ಇಲ್ವೋ, ಎಲ್ಲಾ ಇದ್ದದ್ದು ಇದ್ದ ಹಾಗೆ ಬರೆಯಿರಿ. ತನಿಖಾಧಿಕಾರಿ ಅಮ್ಮನ ಹೇಳಿಕೆ ತಗೊಂಡು ಗಾಯಾಳುಗಳ ಪಟ್ಟಿಗೆ ಸೇರಿಸಬೇಕು ಅಂತ ಕೇಳಿ, ಆಗ ಮುಂದೆ ಚಾರ್ಜ್‌ಶೀಟಲ್ಲಿ ಅವರ ಹೆಸರು ಬರುತ್ತೆ. ಅರ್ಜಿಯ ಇನ್ನೊಂದು ಕಾಪಿ ಮೇಲೆ ಸೀಲು ಹಾಕಿಸ್ಕೊಂಡು ಬನ್ನಿ. ಸ್ಟೇಷನಲ್ಲಿ ತಗೊಳ್ಳಲ್ಲ ಅಂದ್ರೆ ಜಗಳ ಆಡಬೇಡಿ, ಅದೇ ಅರ್ಜೀನ ಕೋಲಾರದ ಎಸ್‌ಪಿ ಆಫೀಸಿಗೆ ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿ, ರಸೀದಿ ಜೋಪಾನವಾಗಿ ಇಟ್ಕೊಳ್ಳಿ.

ಆಸ್ಪತ್ರೆಗೂ ಒಂದು ಪತ್ರ ಬೇಕು. ಬರೆದಿರೋದನ್ನ ಡಾಕ್ಟರ್ ಹೊಡೆದು ಹಾಕಲ್ಲ, ಹೊಡೆದು ಹಾಕಲೂಬಾರದು, ಅಂಥ ತಿದ್ದುಪಡಿ ಆದ್ರೆ ಕೋರ್ಟಲ್ಲಿ ಇನ್ನೂ ಕೆಟ್ಟದಾಗುತ್ತೆ. ಆದ್ರೆ ಇಂಥ ದಿನ ರೋಗಿ ಈ ರೀತಿ ತಿಳಿಸಿದಾರೆ ಅಂತ ಇವತ್ತಿನ ತಾರೀಖು ಹಾಕಿ ಹೊಸದಾಗಿ ದಾಖಲು ಮಾಡಬಹುದು, ಅದನ್ನ ಕೇಳಿ. ಜೊತೆಗೆ ಇಡೀ ಕೇಸ್ ಶೀಟಿನ ಕಾಪಿ ಕೇಳಿ, ರೋಗಿ ಕೇಳಿದ 72 ಗಂಟೆ ಒಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮಾನೇ ಇದೆ. ಅಲ್ಲಿನ ನರ್ಸ್ ಬರೆದ ಕಾಗದದಲ್ಲಿ, ಅಡ್ಮಿಷನ್ ಫಾರಂ ಮೇಲೆ ಕರ್ಕೊಂಡು ಬಂದೋರ ಹೆಸರು ಅಂತ ಓನರ್ ಹೆಸರು, ಸೈನು, ಫೋನ್ ನಂಬರ್ ಇರುತ್ತಲ್ಲ, ಅದು ನಿಮಗೆ ಬಂಗಾರದಂಥ ಸಾಕ್ಷಿ. ಮನೆ ಮೆಟ್ಟಿಲಿಂದ ಬಿದ್ದೋರನ್ನ ಆಕ್ಸಿಡೆಂಟ್ ಆದ ಗಾಡಿ ಓನರ್, ಆಕ್ಸಿಡೆಂಟ್ ಆದ ದಿನಾನೇ, ಅದೇ ಹೊತ್ತಲ್ಲಿ ಯಾಕೆ ಆಸ್ಪತ್ರೆಗೆ ತಂದು ದುಡ್ಡು ಕಟ್ಟಿದ್ರು? ಈ ಪ್ರಶ್ನೆಗೆ ಅವರ ಹತ್ರ ಉತ್ತರ ಇರಲ್ಲ. ಆ 20,000 ಫೋನ್‌ಪೇನಲ್ಲಿ ಬಂದಿದ್ರೆ ಅದ್ರ ಸ್ಟೇಟ್‌ಮೆಂಟೂ ತೆಗೆಸಿ ಇಡಿ.

ಇನ್ನು ಗೂಡ್ಸ್ ಗಾಡಿಗೆ ಇನ್ಶೂರೆನ್ಸ್ ಬರಲ್ಲ ಅಂದಿದ್ದು. ಇದ್ರಲ್ಲಿ ಅರ್ಧ ನಿಜ ಇದೆ, ಆ ಅರ್ಧವನ್ನ ಮುಚ್ಚಿಡದೆ ಹೇಳ್ತೀನಿ, ಯಾಕಂದ್ರೆ ಇದು ನಮ್ಮ ಕಡೆ ಕೂಲಿ ಹೆಂಗಸರಿಗೆ ಗೊತ್ತಿರಲೇಬೇಕಾದ ವಿಷಯ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಅನ್ನೋದು ರಸ್ತೇಲಿ ಹೋಗೋರಿಗೆ, ಎದುರು ಗಾಡಿಯೋರಿಗೆ ಪೂರ್ತಿ ಸಿಗುತ್ತೆ. ಪ್ಯಾಸೆಂಜರ್ ಗಾಡಿ ಆದ್ರೆ ಒಳಗೆ ಕೂತ ಪ್ರಯಾಣಿಕರಿಗೂ ಪಾಲಿಸಿ ಇರುತ್ತೆ. ಆದ್ರೆ ಗೂಡ್ಸ್ ಗಾಡಿಯ ಹಿಂದೆ ಹತ್ತಿದ ಜನಕ್ಕೆ ಇನ್ಶೂರೆನ್ಸ್ ಕಂಪನಿ ಜವಾಬ್ದಾರಿ ಅಲ್ಲ ಅಂತ ಸುಪ್ರೀಂ ಕೋರ್ಟು ಆಶಾ ರಾಣಿ ಅನ್ನೋ ಕೇಸಲ್ಲಿ ಹೇಳಿ 20 ವರ್ಷದ ಮೇಲಾಯ್ತು. ಗೂಡ್ಸ್ ಗಾಡೀಲಿ ಕವರ್ ಇರೋದು ಯಾರಿಗಂದ್ರೆ, ಗಾಡಿ ಓನರ್ ಸಂಬಳ ಕೊಟ್ಟು ಇಟ್ಕೊಂಡಿರೋ ಡ್ರೈವರ್, ಕ್ಲೀನರ್ ಥರದ ಕೆಲಸಗಾರರಿಗೆ, ಮತ್ತೆ ಸರಕಿನ ಜೊತೆ ಹೋಗೋ ಸರಕಿನ ಯಜಮಾನರಿಗೆ ಅಥವಾ ಅವರ ಕಡೆಯೋರಿಗೆ, ಅದೂ ಕ್ಯಾಬಿನ್ ಒಳಗೆ ಕೂತಿರಬೇಕು. ಅಂದ್ರೆ ಒಬ್ಬ ರೈತ ತನ್ನ ಟಮೋಟ ಬಾಕ್ಸ್ ತುಂಬಿ ಡ್ರೈವರ್ ಪಕ್ಕ ಕೂತು ಮಂಡಿಗೆ ಹೋಗ್ತಿದ್ರೆ ಅವನಿಗೆ ಇನ್ಶೂರೆನ್ಸ್ ಉಂಟು, ಅದೇ ಬಾಕ್ಸ್ ಕಿತ್ತು ತುಂಬಿದ ಹೆಂಗಸು ಹಿಂದೆ ನಿಂತು ಮನೆಗೆ ಬರ್ತಿದ್ರೆ ಅವಳಿಗಿಲ್ಲ. ಟ್ರಾಕ್ಟರ್ ಟ್ರಾಲಿ ಕತೆಯೂ ಹೆಚ್ಚೂ ಕಮ್ಮಿ ಇಷ್ಟೇ, ಮಡ್‌ಗಾರ್ಡ್ ಮೇಲೆ ಕೂರೋದಂತೂ ಇನ್ನೂ ಅಪಾಯ, ಅಲ್ಲಿ ಸೀಟು ಇರೋದು ಡ್ರೈವರ್ ಒಬ್ಬನಿಗೇ.

ಈಗ ಇನ್ನರ್ಧ ನಿಜ, ಓನರ್ ನಿಮಗೆ ಹೇಳದೇ ಇರೋದು. ಕಂಪನಿ ಜವಾಬ್ದಾರಿ ಅಲ್ಲ ಅಂದ್ರೆ ಯಾರೂ ಜವಾಬ್ದಾರಿ ಅಲ್ಲ ಅಂತ ಅಲ್ಲವೇ ಅಲ್ಲ. ಡ್ರೈವರ್ ತಪ್ಪಿಂದ ಗಾಡಿ ಪಲ್ಟಿ ಆಗಿದ್ರೆ ಪೂರ್ತಿ ಪರಿಹಾರ ಗಾಡಿ ಓನರ್ ತನ್ನ ಜೇಬಿಂದ ಕೊಡಬೇಕು. ಅವರು ಅಷ್ಟು ಓಡಾಡಿ ಬಾಂಡ್ ಪೇಪರ್ ಹಿಡ್ಕೊಂಡು ಬರ್ತಿರೋದು ಅದಕ್ಕೇ. ಎಷ್ಟೋ ಕೇಸಲ್ಲಿ ಕೋರ್ಟುಗಳು ಮೊದಲು ಇನ್ಶೂರೆನ್ಸ್ ಕಂಪನಿ ಗಾಯಾಳುಗೆ ದುಡ್ಡು ಕಟ್ಟಲಿ, ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೊಳ್ಳಲಿ ಅಂತಲೂ ಆರ್ಡರ್ ಮಾಡಿವೆ. 2004ರ ಬಲ್ಜಿತ್ ಕೌರ್ ಕೇಸು, 2017ರ ಮನುವಾರಾ ಖಾತೂನ್ ಕೇಸು, ಎರಡರಲ್ಲೂ ಸುಪ್ರೀಂ ಕೋರ್ಟು ಹಾಗೆ ಹೇಳಿದೆ, ಎರಡೂ ಗಾಡಿ ಪಾಲಿಸಿ ಅನ್ವಯ ಆಗದ ಪ್ರಯಾಣಿಕರ ಕೇಸುಗಳೇ. ಪ್ರತಿ ಕೇಸಲ್ಲೂ ಇದು ಸಿಕ್ಕೇ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ, ಆದ್ರೆ ಕೇಳೋ ದಾರಿ ಇದೆ, ಕೇಳಬೇಕು.

ಇಲ್ಲಿ ಒಂದು ಎಚ್ಚರಿಕೆ. ಆಸ್ಪತ್ರೆ ಹತ್ರ, ಸ್ಟೇಷನ್ ಹತ್ರ ಕೆಲವರು ಬರ್ತಾರೆ, ಅಮ್ಮ ಕೂಲಿಗೆ ಹೋಗ್ತಿದ್ರು ಅನ್ನಬೇಡಿ, ತಮ್ಮ ಟಮೋಟ ಬಾಕ್ಸ್ ತಗೊಂಡು ಹೋಗ್ತಿದ್ರು ಅನ್ನಿ, ಇಲ್ಲಾ ರಸ್ತೆ ಪಕ್ಕ ನಿಂತಿದ್ರು ಗಾಡಿ ಬಂದು ಗುದ್ದಿತು ಅನ್ನಿ, ಆಗ ಇನ್ಶೂರೆನ್ಸ್ ಬರುತ್ತೆ ಅಂತ ಹೇಳಿಕೊಡ್ತಾರೆ. ದಯವಿಟ್ಟು ಆ ದಾರಿ ಹಿಡೀಬೇಡಿ. ಒಂದು ಪಿಕಪ್ಪಲ್ಲಿ 17 ಜನ ಸರಕಿನ ಯಜಮಾನರು ಹೆಂಗೆ ಇರ್ತಾರೆ? ಅಪಘಾತದ ಜಾಗದಲ್ಲಿ ಪೊಲೀಸರು ಬರೆಯೋ ಸ್ಪಾಟ್ ಮಹಜರ್, ಗಾಡಿ ಪರೀಕ್ಷೆ ಮಾಡಿದ ಮೋಟಾರ್ ಇನ್ಸ್‌ಪೆಕ್ಟರ್ ರಿಪೋರ್ಟು, ಬೇರೆ ಹೆಂಗಸರ ಹೇಳಿಕೆ, ಎಲ್ಲಾ ಪಕ್ಕಪಕ್ಕ ಇಟ್ಟು ನೋಡಿದ್ರೆ ಸುಳ್ಳು ಅರ್ಧ ಗಂಟೇಲಿ ಹೊರಗೆ ಬರುತ್ತೆ, ಆಮೇಲೆ ನಿಜವಾಗಿ ಸಿಗಬೇಕಾಗಿದ್ದೂ ಸಿಗಲ್ಲ. ಮೆಟ್ಟಿಲಿನ ಸುಳ್ಳನ್ನ ಸರಿ ಮಾಡೋಕೆ ಹೋಗ್ತಿರೋರು ನೀವು, ಅದ್ರ ಮೇಲೆ ಇನ್ನೊಂದು ಸುಳ್ಳು ಹೊದಿಸಿದ್ರೆ ಅಮ್ಮನ ಮಾತನ್ನ ಯಾರೂ ನಂಬಲ್ಲ.

ನಿಮ್ಮ ಪ್ರಶ್ನೇಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನ ನೀವು ಹಾಗೇ ಒಂದು ಸಾಲಲ್ಲಿ ಹೇಳಿ ದಾಟಿಬಿಟ್ಟಿದೀರ, ಆ ಟಿಪ್ಪರ್. ಅದನ್ನ ಓದಿ ನಾನು ಎದ್ದು ಕೂತೆ. ಯಾಕೆ ಗೊತ್ತಾ, ಟಿಪ್ಪರ್ ತಪ್ಪೂ ಇದ್ರೆ ಆ ಟಿಪ್ಪರ್ ಇನ್ಶೂರೆನ್ಸ್ ಕಂಪನಿಗೆ ನಿಮ್ಮಮ್ಮ ಹೊರಗಿನೋರು, ಪಕ್ಕಾ ಥರ್ಡ್ ಪಾರ್ಟಿ, ಅವರು ಪಿಕಪ್ಪಿನ ಕ್ಯಾಬಿನ್ನಲ್ಲಿದ್ರೋ ಹಿಂದೆ ನಿಂತಿದ್ರೋ ಅನ್ನೋ ಪ್ರಶ್ನೇನೇ ಅಲ್ಲಿ ಏಳಲ್ಲ. ಎರಡು ಗಾಡಿ ತಪ್ಪಿಂದ ಮೂರನೆಯವರಿಗೆ ಪೆಟ್ಟಾದ್ರೆ, ಆ ಮೂರನೆಯವರು ಇಬ್ಬರಲ್ಲಿ ಯಾರ ಹತ್ರ ಬೇಕಾದ್ರೂ ಪೂರ್ತಿ ಪರಿಹಾರ ಕೇಳಬಹುದು ಅಂತ 2015ರಲ್ಲಿ ಖೆನ್ಯೆಯಿ ಕೇಸಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ, ಆಮೇಲೆ ಅವರವರು ಪಾಲು ಹಂಚ್ಕೋಬೇಕು. ಹಾಗಾಗಿ ಗೂಡ್ಸ್ ಗಾಡಿ ಅನ್ನೋ ಗೋಡೆಗೆ ತಲೆ ಚಚ್ಚಿಕೊಳ್ಳೋ ಬದಲು ಆ ಟಿಪ್ಪರ್ ಯಾವುದು ಅಂತ ಹುಡುಕಿ. ಆ ರಸ್ತೇಲಿ ಪೆಟ್ರೋಲ್ ಬಂಕ್, ಹಾಲಿನ ಡೈರಿ, ಬಾರು, ಮದುವೆ ಛತ್ರ ಇದ್ರೆ ಹೊರಗಡೆ ಕ್ಯಾಮೆರಾ ಇರುತ್ತೆ, ಆದ್ರೆ ರೆಕಾರ್ಡಿಂಗ್ ಬಹಳ ದಿನ ಉಳಿಯಲ್ಲ, ತಿಂಗಳಾಗ್ತಾ ಬಂದಿದೆ ಅಂದ್ರೆ ಇವತ್ತೇ ಹೋಗಿ ಕೇಳಿ, ಇದ್ರೆ ಪೊಲೀಸರ ಮೂಲಕ ವಶಕ್ಕೆ ತಗೊಳ್ಳೋಕೆ ಅರ್ಜಿ ಕೊಡಿ. ಹತ್ತಿರದಲ್ಲಿ ಕ್ರಷರ್ ಅಥವಾ ಕ್ವಾರಿ ಇದ್ರೆ ಟಿಪ್ಪರ್ ಅಲ್ಲಿಂದಾನೇ ಬಂದಿರೋ ಸಾಧ್ಯತೆ ಜಾಸ್ತಿ, ಆ ಹೊತ್ತಲ್ಲಿ ಯಾವ ಗಾಡಿ ಲೋಡ್ ಮಾಡ್ಕೊಂಡು ಹೊರಟಿತ್ತು ಅನ್ನೋದಕ್ಕೆ ಅಲ್ಲಿ ಚೀಟಿ ಇರುತ್ತೆ, ಅದನ್ನ ತರಿಸೋ ಅಧಿಕಾರ ಪೊಲೀಸರಿಗಿದೆ. ಪಿಕಪ್ಪಿನ ಪಕ್ಕದಲ್ಲಿ ಟಿಪ್ಪರ್ ಬಣ್ಣ ಹತ್ತಿದೆಯಾ ನೋಡಿ, ಪಲ್ಟಿ ಆದಾಗ ಜನ ಫೋನಲ್ಲಿ ತೆಗೆದ ಫೋಟೋ, ವಿಡಿಯೋ ಊರಿನ ವಾಟ್ಸಾಪ್ ಗ್ರೂಪಲ್ಲಿ ಓಡಾಡಿರುತ್ತೆ, ಅವನ್ನೆಲ್ಲಾ ಒಂದು ಕಡೆ ಇಟ್ಕೊಳ್ಳಿ. ಆದ್ರೆ ಒಂದು ವಿಷಯ, ಟಿಪ್ಪರ್ ನಿಜವಾಗಿ ಇದ್ರೆ ಮಾತ್ರ. ಹಿಂದೆ ಇದ್ದ ಹೆಂಗಸರು ಕಣ್ಣಾರೆ ನೋಡಿದ್ರೆ ಅವರೇ ಹೇಳಿಕೆ ಕೊಡಲಿ, ಯಾವುದೋ ಒಂದು ಟಿಪ್ಪರ್ ನಂಬರ್ ತಂದು ಸೇರಿಸೋ ಕೆಲಸಕ್ಕೆ ಯಾರಾದ್ರೂ ಮುಂದೆ ಬಂದ್ರೆ ಅವರನ್ನ ಹತ್ರ ಸೇರಿಸಬೇಡಿ, ಅದು ಜೈಲಿಗೆ ಹೋಗೋ ಕೆಲಸ.

40,000 ಜಾಸ್ತಿನೋ ಕಮ್ಮಿನೋ ಅನ್ನೋದಕ್ಕೆ ಒಂದು ಲೆಕ್ಕ ಹಾಕಿ ತೋರಿಸ್ತೀನಿ. ಕೂಲಿಯೋರಿಗೆ ಸಂಬಳದ ಚೀಟಿ ಇರಲ್ಲ, ಆಗ ಕೋರ್ಟು ಆ ವರ್ಷಕ್ಕೆ ಒಂದು ಅಂದಾಜು ಆದಾಯ ಹಿಡಿಯುತ್ತೆ, ಉದಾಹರಣೆಗೆ ತಿಂಗಳಿಗೆ 15,000 ಅಂತ ಇಟ್ಕೊಳ್ಳೋಣ. ವರ್ಷಕ್ಕೆ 1,80,000 ಆಯ್ತು. ಅಮ್ಮನ ವಯಸ್ಸು 44, 41ರಿಂದ 45 ವರ್ಷದೋರಿಗೆ 14ರಿಂದ ಗುಣಿಸಬೇಕು ಅಂತ 2009ರ ಸರಳಾ ವರ್ಮಾ ಕೇಸಲ್ಲಿ ನಿಗದಿ ಆಗಿದೆ, ಅಲ್ಲಿಗೆ 25,20,000. ಇದ್ರಲ್ಲಿ ಅಮ್ಮನ ದುಡಿಯೋ ಶಕ್ತಿ ಎಷ್ಟು ಪರ್ಸೆಂಟ್ ಹೋಗಿದೆಯೋ ಅಷ್ಟು ಭಾಗ ಕೊಡ್ತಾರೆ. 10 ಪರ್ಸೆಂಟ್ ಅಂದ್ರೂ 2,52,000, 20 ಪರ್ಸೆಂಟ್ ಅಂದ್ರೆ 5,04,000. ಇದಲ್ಲದೆ ಆಸ್ಪತ್ರೆ ಖರ್ಚು, ನೋವಿಗೆ, ಹಾಸಿಗೇಲಿ ಇದ್ದ ತಿಂಗಳುಗಳ ಕೂಲಿಗೆ, ನೋಡ್ಕೊಂಡೋರ ಖರ್ಚಿಗೆ, ಮುಂದೆ ರಾಡ್ ತೆಗೆಸೋ ಆಪರೇಷನ್‌ಗೆ ಬೇರೆಬೇರೆ ಸಿಗುತ್ತೆ, ಎಲ್ಲದರ ಮೇಲೆ ಬಡ್ಡಿ. ಓನರ್ ಕೊಟ್ಟ 20,000ವನ್ನ ಬೇಕಾದ್ರೆ ಇದ್ರಲ್ಲಿ ಕಳೆಯಲಿ.

ಪರ್ಸೆಂಟ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಡಾಕ್ಟರ್ ಕಾಲಿಗೆ 30 ಪರ್ಸೆಂಟ್ ಡಿಸೆಬಿಲಿಟಿ ಅಂತ ಬರೆದ್ರೆ ಇಡೀ ದೇಹಕ್ಕೆ ಅದ್ರ ಮೂರನೇ ಒಂದು ಭಾಗ ಅಂತ 10 ಹಿಡಿಯೋದು ರೂಢಿ. ಆದ್ರೆ ಆಫೀಸಲ್ಲಿ ಕುರ್ಚಿ ಮೇಲೆ ಕೂರೋರಿಗೂ, ದಿನವಿಡೀ ಬಗ್ಗಿ, ಕುಕ್ಕರಗಾಲಲ್ಲಿ ಕೂತು ಟಮೋಟ ಕಿತ್ತು, ತುಂಬಿದ ಬಾಕ್ಸ್ ತಲೆ ಮೇಲೆ ಹೊತ್ತು ಬದುವಿನ ಮೇಲೆ ನಡೆಯೋರಿಗೂ ಒಂದೇ ಲೆಕ್ಕ ಆಗುತ್ತಾ? ಆಗಲ್ಲ. ದೇಹದ ಪರ್ಸೆಂಟ್ ಬೇರೆ, ಅವರು ಮಾಡೋ ಕೆಲಸದಲ್ಲಿ ಆದ ನಷ್ಟದ ಪರ್ಸೆಂಟ್ ಬೇರೆ, ಎರಡನೇದನ್ನೇ ನೋಡಬೇಕು ಅಂತ 2010ರಲ್ಲಿ ರಾಜ್‌ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಡಾಕ್ಟರ್ ಸಾಕ್ಷಿ ಹೇಳೋವಾಗ ಕುಕ್ಕರಗಾಲಲ್ಲಿ ಕೂರೋಕೆ ಆಗುತ್ತಾ, ಭಾರ ಹೊರೋಕೆ ಆಗುತ್ತಾ ಅನ್ನೋದನ್ನ ಬಿಡಿಸಿ ಹೇಳಿಸಬೇಕು. ಅಮ್ಮ ಮನೇಲಿ ಹಸು ಕಟ್ಟಿದ್ರೆ, ಡೈರಿಗೆ ಹಾಲು ಹಾಕ್ತಿದ್ರೆ ಆ ಪಾಸ್‌ಬುಕ್ಕೂ ತನ್ನಿ, ಅದೂ ಆದಾಯವೇ. ಮನೆಗೆಲಸಕ್ಕೂ ಬೆಲೆ ಇದೆ ಅಂತ 2021ರ ಕೀರ್ತಿ ಕೇಸಲ್ಲಿ ಕೋರ್ಟು ವಿವರವಾಗಿ ಬರೆದಿದೆ, ಹೆಂಗಸರ ಕೇಸಲ್ಲಿ ಇದನ್ನ ಹೇಳೋದನ್ನೇ ನಮ್ಮ ಕಡೆ ಎಷ್ಟೋ ಜನ ವಕೀಲರು ಮರೀತಾರೆ, ಮರೆಯೋಕೆ ಬಿಡಬೇಡಿ.

ಟೈಮ್ ವಿಷಯ ಗಟ್ಟಿಯಾಗಿ ನೆನಪಿಡಿ. ಹಿಂದೆ ಎಂವಿಸಿ ಕೇಸು ಹಾಕೋಕೆ ಗಡುವು ಇರಲಿಲ್ಲ, ಅದನ್ನ ನಂಬ್ಕೊಂಡು ಈಗ್ಲೂ ಎಷ್ಟೋ ಜನ ಅರಾಮಾಗಿ ಕೂರ್ತಾರೆ. 2019ರ ತಿದ್ದುಪಡಿ ಆದ್ಮೇಲೆ, 2022ರ ಏಪ್ರಿಲ್ 1ರಿಂದ, ಅಪಘಾತ ಆದ 6 ತಿಂಗಳ ಒಳಗೆ ಅರ್ಜಿ ಹಾಕಬೇಕು. ನಿಮಗೆ ಸುಮಾರು 5 ತಿಂಗಳು ಉಳಿದಿದೆ, ಅಷ್ಟೂ ದಿನ ಕಾಯೋಕೆ ಹೋಗಬೇಡಿ. ಅಪಘಾತ ಬೇರೆ ಎಲ್ಲೇ ಆಗಿದ್ರೂ ನೀವು ವಾಸ ಇರೋ ಕಡೆ ಕೋರ್ಟಲ್ಲೇ ಹಾಕಬಹುದು, ಹಾಗಾಗಿ ಅಮ್ಮನ್ನ ದೂರ ಕರ್ಕೊಂಡು ಓಡಾಡೋದು ಬೇಕಾಗಿಲ್ಲ.

ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಯೋಚನೆ ಮಾಡಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಯಾವ ಜಾತಿಯೇ ಆಗಿರಲಿ, ಉಚಿತ ವಕೀಲರು ಸಿಗ್ತಾರೆ. ನಿಮ್ಮ ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇದೆ, ಅಮ್ಮನ ಆಧಾರ್ ಮತ್ತೆ ಒಂದು ಅರ್ಜಿ ಸಾಕು, 15100ಕ್ಕೆ ಫೋನ್ ಮಾಡಿದ್ರೂ ದಾರಿ ತೋರಿಸ್ತಾರೆ. ಖಾಸಗಿ ವಕೀಲರನ್ನ ಇಟ್ಕೊಂಡ್ರೂ ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತಾಡ್ಕೊಳ್ಳೋದು ವಕೀಲರ ನಿಯಮದಲ್ಲಿ ಇಲ್ಲ, ಹಂಗೆ ಕೇಳೋರ ಹತ್ರ ಹೋಗಬೇಡಿ, ಖಾಲಿ ವಕಾಲತ್ತಿಗೆ, ಖಾಲಿ ಚೆಕ್ಕಿಗೆ ಯಾವತ್ತೂ ಸೈನ್ ಹಾಕಬೇಡಿ. ಅಮ್ಮನ ಬ್ಯಾಂಕ್ ಪಾಸ್‌ಬುಕ್ಕು, ಎಟಿಎಂ ಕಾರ್ಡು ನಿಮ್ಮನೇಲೇ ಇರಲಿ.

ಇನ್ನು ಮೇಸ್ತ್ರಿ ಕೂಲಿಗೆ ಕರೆಯಲ್ಲ ಅಂದಿದ್ದು. ಈ ಮಾತಿಗೆ ಹೆದರಿ ಸುಮ್ಮನಾದ ಮನೆಗಳು ನಮ್ಮ ಜಿಲ್ಲೇಲಿ ಲೆಕ್ಕಕ್ಕಿಲ್ಲ, ಅದು ನನಗೆ ಅರ್ಥ ಆಗುತ್ತೆ, ನಾಳೆ ಒಲೆ ಉರಿಯಬೇಕಲ್ಲ. ಆದ್ರೆ ನೋಡಿ, ಸೀಸನಲ್ಲಿ ಟಮೋಟ ಕೆಂಪಗಾದ್ಮೇಲೆ ಗಿಡದಲ್ಲಿ ಕಾಯಲ್ಲ, ಕೂಲಿ ಜನ ಸಿಗದೆ ತ್ವಾಟದೋರು ಪಕ್ಕದ ತಾಲ್ಲೂಕಿಂದ ಕರೆಸ್ತಾರೆ. ಮೇಸ್ತ್ರಿಗೆ ಹೆಂಗಸರು ಎಷ್ಟು ಬೇಕೋ ಹೆಂಗಸರಿಗೆ ಮೇಸ್ತ್ರಿ ಅಷ್ಟು ಬೇಕಾಗಿಲ್ಲ. ಆ 17 ಜನ ಒಟ್ಟಿಗೆ ಕೂತು ಮಾತಾಡಿದ್ರೆ ಇದು ಗೊತ್ತಾಗುತ್ತೆ. ಒಟ್ಟಿಗೆ ಕೂತಾಗಲೇ ಗಾಡಿ ವಿಷಯವೂ ಮಾತಾಡಲಿ. ಹಿಂದೆ ನಿಂತು ಹೋಗೋ ಗಾಡಿ ಬೇಡ, ಹಳದಿ ಬೋರ್ಡಿನ ಪ್ಯಾಸೆಂಜರ್ ಗಾಡಿ ತರಿಸು ಅಂತ ಕೇಳಲಿ. ಪ್ಯಾಸೆಂಜರ್ ಗಾಡೀಲಿ ಸೀಟಿಗಿಂತ ಜಾಸ್ತಿ ಜನ ಇದ್ರೂ ಕೂಡ, ಪರ್ಮಿಟ್ಟಲ್ಲಿರೋ ಸೀಟುಗಳ ಲೆಕ್ಕಕ್ಕೆ, ಅದೂ ಹೆಚ್ಚು ಮೊತ್ತದ ಪರಿಹಾರಗಳನ್ನೇ ಹಿಡಿದು, ಕಂಪನಿ ದುಡ್ಡು ಕಟ್ಟಬೇಕು, ಅದನ್ನ ಎಲ್ಲರೂ ಹಂಚ್ಕೋಬೇಕು ಅಂತ 2007ರ ಅಂಜನಾ ಶ್ಯಾಮ್ ಕೇಸಲ್ಲಿ ತೀರ್ಮಾನ ಆಗಿದೆ. ಅಂದ್ರೆ ಅಲ್ಲಿ ಕೈಗೆ ಏನೋ ಬಂದೇ ಬರುತ್ತೆ. ಹಾಗಂತ ತುಂಬಿ ತುಳುಕೋ ಗಾಡೀನ ನಾನು ಸರಿ ಅಂತಿಲ್ಲ, ಚಿಕ್ಕಬಳ್ಳಾಪುರದ ಹತ್ರ ಎನ್‌ಎಚ್ 44ರಲ್ಲಿ 2023ರ ಅಕ್ಟೋಬರ್ 26ರ ಬೆಳಿಗ್ಗೆ ಟಾಟಾ ಸುಮೋ ನಿಂತಿದ್ದ ಟ್ಯಾಂಕರ್‌ಗೆ ಗುದ್ದಿ 13 ಜನ ಹೋದ್ರು, ಶಿರಾ ಹತ್ರ 2022ರ ಆಗಸ್ಟಲ್ಲಿ ಕ್ರೂಸರಲ್ಲಿ ಬರ್ತಿದ್ದ ರಾಯಚೂರು ಕಡೆ ಕೂಲಿ ಜನ 9 ಮಂದಿ ಹೋದ್ರು. ಪರಿಹಾರ ಅನ್ನೋದು ಹೋದ ಜೀವ ತರಲ್ಲ.

ಗಾಡಿ ಹತ್ತೋ ಮುಂಚೆ ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿದ್ರೆ ಅದು ಗೂಡ್ಸೋ ಪ್ಯಾಸೆಂಜರ್ರೋ, ಇನ್ಶೂರೆನ್ಸ್ ಯಾವತ್ತಿನ ತನಕ ಇದೆ, ಎಫ್‌ಸಿ, ಅಂದ್ರೆ ಗಾಡಿ ಫಿಟ್‌ನೆಸ್ ಸರ್ಟಿಫಿಕೇಟ್, ಮುಗಿದಿದೆಯಾ ಎಲ್ಲಾ ಬರುತ್ತೆ, ನಿಮ್ಮಂಥ ಹುಡುಗರು ಮನೆ ಹೆಂಗಸರಿಗೆ ಇದನ್ನೊಂದು ನೋಡಿಕೊಡಿ. ಇನ್ನೊಂದು, 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ, ಆದ್ರೆ ಕೂಲಿಗೆ ಹೊರಡೋ ಹೊತ್ತಿಗೆ ನಿಮ್ಮ ಕಡೆ ಬಸ್ಸೇ ಇರಲ್ಲ, ಅದೇ ತೊಂದ್ರೆ. ಐದೂವರೆಗೆ ಒಂದು ಟ್ರಿಪ್ ಬೇಕು ಅಂತ ಎರಡು ಮೂರು ಊರಿನ ಹೆಂಗಸರು ಹೆಬ್ಬೆಟ್ಟು ಹಾಕಿ ಡಿಪೋ ಮ್ಯಾನೇಜರ್‌ಗೂ ಎಂಎಲ್‌ಎಗೂ ಅರ್ಜಿ ಕೊಡಲಿ. ಓನರ್ ಬಾಂಡ್ ಪೇಪರ್ ಮೇಲೆ ಹಾಕೋ ಹೆಬ್ಬೆಟ್ಟಿಗಿಂತ ಆ ಅರ್ಜಿ ಮೇಲೆ ಹಾಕೋದು ಎಷ್ಟೋ ಮೇಲು.

ಇದನ್ನ ಓದೋ ತ್ವಾಟದ ಯಜಮಾನ್ರಿಗೆ, ಪಿಕಪ್ ಇಟ್ಕೊಂಡಿರೋ ಹುಡುಗರಿಗೆ ಒಂದು ಮಾತು ಹೇಳಬೇಕು. ಗಾಡಿ ಲೋನಲ್ಲಿ ತಗೊಂಡಿರ್ತೀರ, ತಿಂಗಳಾ ತಿಂಗಳಾ ಕಂತು ಕಟ್ತಿರ್ತೀರ. 17 ಜನರಲ್ಲಿ ನಾಲ್ಕು ಜನಕ್ಕೆ ಕೈಕಾಲು ಮುರಿದ್ರೆ ಆ ದುಡ್ಡೆಲ್ಲಾ ನಿಮ್ಮ ತಲೆ ಮೇಲೆ, ಇನ್ಶೂರೆನ್ಸ್ ಕಂಪನಿ ಮೊದಲು ಕಟ್ಟಿದ್ರೂ ನಿಮ್ಮ ಹತ್ರಾನೇ ವಸೂಲಿ ಮಾಡುತ್ತೆ, ಗಾಡಿ ಜೊತೆ ಜಮೀನೂ ಜಪ್ತಿಗೆ ಬರುತ್ತೆ. ಅಂಥ ಓನರ್‌ಗಳೂ ನನ್ನ ಆಫೀಸಲ್ಲಿ ಬಂದು ಅತ್ತಿದಾರೆ. ಡ್ರೈವರ್ ರಾತ್ರಿ ಮಂಡೀಲಿ ಲೋಡ್ ಇಳಿಸಿ ನಿದ್ದೆ ಇಲ್ಲದೆ ಬೆಳಗಿನ ಜಾವ ನಾಲ್ಕಕ್ಕೆ ಹೆಂಗಸರನ್ನ ಹತ್ತಿಸ್ಕೊಳ್ಳೋದು, ನಿಂತಿರೋ ಜನದ ಭಾರ ಮೇಲಕ್ಕಿದ್ದು ತಿರುವಲ್ಲಿ ಗಾಡಿ ವಾಲೋದು, ಇವು ನಿಮಗೂ ಗೊತ್ತಿರೋ ವಿಷಯಗಳೇ.

ತಮ್ಮಾ, ನೀವು ಬರೋವಾಗ ಎಫ್‌ಐಆರ್ ಕಾಪಿ, ಡಿಸ್ಚಾರ್ಜ್ ಸಮ್ಮರಿ, ಔಷಧಿ ಅಂಗಡಿ ಬಿಲ್ಲುಗಳು, ಎಕ್ಸ್‌ರೇ ಫಿಲ್ಮುಗಳು, ಅಮ್ಮನ ಆಧಾರ್, ಆಕ್ಸಿಡೆಂಟ್ ಫೋಟೋಗಳು ಎಲ್ಲಾ ಒಂದು ಕವರಲ್ಲಿ ಹಾಕಿ ತನ್ನಿ, ಬಿಲ್ಲಿನ ಅಕ್ಷರ ಬಿಸಿಲಿಗೆ ಅಳಿಸಿ ಹೋಗುತ್ತೆ, ಮೊದಲೇ ಜೆರಾಕ್ಸ್ ಮಾಡಿಸಿ. ಅಮ್ಮನ್ನ ಈಗ್ಲೇ ಕರ್ಕೊಂಡು ಬರೋದು ಬೇಡ, ಕಾಲು ಗಟ್ಟಿ ಆಗ್ಲಿ. ನೀವು ಮೊದಲು ಆ ಪೆಟ್ರೋಲ್ ಬಂಕ್ ಕಡೆ ಹೋಗಿ ಬನ್ನಿ.